ತಪ್ಪಿನ ಕರ್ತೃಪದ

ವ್ಯಾಕರಣವು ಶುಷ್ಕವಾದ ಶಾಸ್ತ್ರವೆಂದು ಲೋಕದಲ್ಲಿ ಒಂದು ಅಪವಾದವುಂಟು. ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಅದನ್ನು ಹೇಳಿಕೊಟ್ಟ ನನಗೆ ಎಂದೂ ಹಾಗೆ ತೋರಲಿಲ್ಲ. ಮನುಷ್ಯನು ತನ್ನ ಅಂತರಂಗವನ್ನು ಮಾತಿನ ಅರ್ಥದಲ್ಲಿ ಮರೆಸಿಕೊಳ್ಳಬಹುದು. ವಾಕ್ಯದ ಕಟ್ಟಿನಲ್ಲಿ ಮರೆಸಿಕೊಳ್ಳುವುದು ಕಷ್ಟ. ನಮ್ಮ ಊರುಗಳಲ್ಲಿ ಯಾವನಾದರೊಬ್ಬ ಹಿರಿಯ ಗೃಹಸ್ಥನನ್ನು ಕುಳ್ಳಿರಿಸಿ ಅವನ ಬಾಳಿನ ವೃತ್ತಾಂತವನ್ನು ಕೇಳಿ ನೋಡಬೇಕು. “ಮನೆ ಕಟ್ಟಿಸಿದೆ, ತಮ್ಮಂದಿರನ್ನು ಓದಿಸಿದೆ, ಮಗಳ ಮದುವೆ ಮಾಡಿದೆ, ಬರಡು ನೆಲದಲ್ಲಿ ತೋಟ ಎಬ್ಬಿಸಿದೆ” ಎಂದು ಆತನು ಹೇಳುವನು. ಅದೇ ಮನುಷ್ಯನು ಮುಂದುವರಿದು, “ಆಮೇಲೆ ಲೆಕ್ಕ ತಪ್ಪಿತು, ಪತ್ರ ಕಳೆದುಹೋಯಿತು, ವಾಯಿದೆ ಮೀರಿತು, ಮಾತು ಬೆಳೆಯಿತು, ಸಂಬಂಧ ಕೆಟ್ಟಿತು” ಎನ್ನುವನು. ಒಳ್ಳೆಯ ಕೆಲಸಗಳಿಗೆಲ್ಲ ‘ನಾನು’ ಎಂಬುದೇ ಕರ್ತೃಪದ. ಕೆಟ್ಟುದಕ್ಕೆ ಲೆಕ್ಕವೇ ಕರ್ತೃ, ಪತ್ರವೇ ಕರ್ತೃ, ವಾಯಿದೆಯೇ ಕರ್ತೃ. ಮನುಷ್ಯನು ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಸಂಸ್ಕೃತ ವೈಯಾಕರಣರು ಇಂತಹ ವಾಕ್ಯಕ್ಕೆ ಕರ್ಮಕರ್ತರಿ ಪ್ರಯೋಗವೆಂದು ಹೆಸರಿಟ್ಟಿದ್ದಾರೆ. ಒಬ್ಬನು ಕಟ್ಟಿಗೆಯನ್ನು ಸೀಳುತ್ತಾನೆ. ಅವನು ಕರ್ತೃ, ಕಟ್ಟಿಗೆ ಕರ್ಮ. ಕಟ್ಟಿಗೆಯು ಬಹು ಸುಲಭವಾಗಿ ಸೀಳುವಂತಹುದಾದರೆ, ಸೀಳುವವನ ಶ್ರಮವನ್ನು ಗಣನೆಗೆ ತಾರದೆ, ‘ಕಟ್ಟಿಗೆ ತಾನಾಗಿಯೇ ಸೀಳುತ್ತದೆ’ ಎನ್ನುವುದುಂಟು. ಕ್ರಿಯೆಯ ಸೌಕರ್ಯವನ್ನು ತಿಳಿಸುವುದಕ್ಕಾಗಿ ಶಾಸ್ತ್ರವು ಒಪ್ಪಿದ ಪ್ರಯೋಗವಿದು. ನಾವು ಅದನ್ನು ಬೇರೊಂದು ಬಗೆಯ ಸೌಕರ್ಯಕ್ಕಾಗಿ ಬಳಸಿಕೊಂಡೆವು. ಹಾಲು ಚೆಲ್ಲಿತು, ಗಾಜು ಒಡೆಯಿತು, ಕಡತ ಹಿಂದುಳಿಯಿತು, ಸೇತುವೆ ಕುಸಿಯಿತು! ಕೆಲಸದಲ್ಲಿ ಆದ ತಪ್ಪಿಗೆ ಹೊಣೆಯಾಗುವುದೆಂದರೆ ಏನೆಂದು ಯಾರಾದರೂ ಕೇಳಿದರೆ, ಆ ವಾಕ್ಯವನ್ನು ಕರ್ತರಿ ಪ್ರಯೋಗಕ್ಕೆ ತಿರುಗಿಸಿ ಹೇಳುವ ಧೈರ್ಯವೆಂದು ನಾನು ಉತ್ತರ ಕೊಡುವೆನು. ಕೇಳುವುದಕ್ಕೆ ಇದು ಅಲ್ಪವಾದ ಸಂಗತಿಯಂತೆ ತೋರುತ್ತದೆ. ಅಲ್ಪವಲ್ಲವೆಂಬುದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಕನ್ನಡವು ಈ ವಿಷಯದಲ್ಲಿ ಬಡ ಭಾಷೆಯಲ್ಲ. ಕಣ್ತಪ್ಪು, ಕೈತಪ್ಪು, ಬಾಯಿತಪ್ಪು ಎಂದು ತಪ್ಪನ್ನು ಒಂದೊಂದು ಅಂಗಕ್ಕೆ ಹಂಚಿಕೊಟ್ಟು, ಆ ಅಂಗಗಳುಳ್ಳವನು ಪಾರಾಗುವಂತೆ ಮಾಡಿದ್ದೇವೆ. ‘ಕಣ್ತಪ್ಪಿನಿಂದ ನಮೂದಾಗಿರುತ್ತದೆ’ ಎಂಬ ಕಚೇರಿಯ ವಾಕ್ಯವನ್ನು ನೋಡಿರಿ: ಕಣ್ಣು ಯಾರದೆಂದಿಲ್ಲ, ನಮೂದಿಸಿದವರು ಯಾರೆಂದಿಲ್ಲ. ಇನ್ನು ಅಚ್ಚಿನ ಮನೆಯವರಂತೂ ಒಬ್ಬ ರಾಕ್ಷಸನನ್ನೇ ನೇಮಿಸಿಕೊಂಡಿದ್ದಾರೆ. ಅಕ್ಷರ ಬಿದ್ದರೂ, ಸಾಲು ಹಾರಿದರೂ ಮುದ್ರಾರಾಕ್ಷಸನ ಹಾವಳಿ. ವಿಶಾಖದತ್ತನ ನಾಟಕವನ್ನು ಓದಿದವರಿಗೆ ಇದರಲ್ಲಿ ಒಂದು ವಿನೋದವುಂಟು. ಅಲ್ಲಿನ ರಾಕ್ಷಸನು ದೈತ್ಯನಲ್ಲ, ನಂದವಂಶಕ್ಕೆ ನಿಷ್ಠನಾದ ಅಮಾತ್ಯನು. ಅವನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕಿ, ಅವನು ಬರೆಯದ ಪತ್ರವೊಂದಕ್ಕೆ ಅವನ ಮುದ್ರೆ ಬಿದ್ದು, ನಿರಪರಾಧಿಯು ಅಪರಾಧಿಯೆನಿಸಿದನು. ಬರೆಯದ ಪತ್ರದ ಅಪವಾದವನ್ನು ನಾಟಕದಲ್ಲಿ ಹೊತ್ತ ಆ ಸಾಧುಪುರುಷನು, ಮಾಡದ ಅಚ್ಚಿನ ತಪ್ಪುಗಳ ಅಪವಾದವನ್ನು ಇಂದಿಗೂ ಕನ್ನಡ ಪುಸ್ತಕಗಳಲ್ಲಿ ಹೊರುತ್ತಿದ್ದಾನೆ.

ಅಚ್ಚಿಗೆ ಮುಂಚೆ ಓಲೆಗರಿಯ ಕಾಲದಲ್ಲಿಯೂ ಈ ಎರಡು ಸ್ವಭಾವಗಳು ಇದ್ದವು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆದಿಡುತ್ತಿದ್ದ ಶ್ಲೋಕಗಳಲ್ಲಿ ಒಂದು ಬಗೆಯವು ಹೀಗೆ ಹೇಳುತ್ತವೆ: ಮೂಲದಲ್ಲಿ ಕಂಡಂತೆ ಬರೆದಿದ್ದೇನೆ; ಶುದ್ಧವೋ ಅಶುದ್ಧವೋ, ದೋಷವನ್ನು ನನಗೆ ಹೊರಿಸಬೇಡಿರಿ. ಇನ್ನೊಂದು ಬಗೆಯವುಗಳಲ್ಲಿ, ನನ್ನಿಂದ ಆದ ತಪ್ಪನ್ನು ಬಲ್ಲವರು ತಿದ್ದಿಕೊಳ್ಳಬೇಕೆಂಬ ಬಿನ್ನಹವಿರುತ್ತದೆ. ಬೆನ್ನು ಬಾಗಿ, ಕತ್ತು ಸೋತು, ದೀಪದ ಬೆಳಕಿನಲ್ಲಿ ಕಂಟದಿಂದ ಗೀರಿದ ಆ ಬಡ ಲಿಪಿಕಾರನನ್ನು ನಾನು ನಿಂದಿಸಲಾರೆ. ಅವನು ಬರೆಯದಿದ್ದರೆ ನಮಗೆ ಗ್ರಂಥಗಳೇ ಇರುತ್ತಿರಲಿಲ್ಲ. ಆದರೆ ಎರಡು ಬಿನ್ನಹಗಳಲ್ಲಿಯೂ ವಿನಯವು ಸಮವಾಗಿದ್ದರೂ ಅವುಗಳ ಫಲ ಬೇರೆ ಬೇರೆ. ಮೊದಲನೆಯದು ಓದುವವನ ಬಾಯಿಯನ್ನು ಕಟ್ಟುತ್ತದೆ. ಎರಡನೆಯದು ಅವನ ಕೈಗೆ ಲೇಖನಿಯನ್ನು ಕೊಡುತ್ತದೆ.

ಕೆಲಸದಲ್ಲಿ ಹೊಣೆಯಾಗಬೇಕಾದ ತಪ್ಪುಗಳು ಮೂರು ವಿಧವೆಂದು ನನಗೆ ತೋರುತ್ತದೆ: ತನ್ನ ತಪ್ಪು, ತನ್ನವರ ತಪ್ಪು, ತನ್ನ ಪೀಠದ ತಪ್ಪು. ಇವು ಕ್ರಮವಾಗಿ ಒಂದಕ್ಕಿಂತ ಒಂದು ಕಠಿನ.

ಮೊದಲನೆಯದಕ್ಕೆ ನಾನು ಕಣ್ಣಾರೆ ಕಂಡ ಒಂದು ನಿದರ್ಶನವಿದೆ. ನಾನು ಓದಿದ ಪಾಠಶಾಲೆಯಲ್ಲಿ ವ್ಯಾಕರಣದ ಗುರುಗಳು ಬಹು ದೊಡ್ಡ ವಿದ್ವಾಂಸರು; ಅವರ ಮಾತಿಗೆ ಪ್ರತಿಯಾಡುವವರು ಆ ಸೀಮೆಯಲ್ಲಿ ಇರಲಿಲ್ಲ. ಒಂದು ದಿನ ಅವರು ಕೌಮುದಿಯ ಪಾಠಕ್ಕೆ ಕುಳಿತವರು, ಹಿಂದಿನ ಪಕ್ಷದಲ್ಲಿ ಹೇಳಿಕೊಟ್ಟಿದ್ದ ಒಂದು ರೂಪದ ಸಾಧನೆಯನ್ನು ಮತ್ತೆ ಎತ್ತಿಕೊಂಡು, “ಅಂದು ನಾನು ಪ್ರವೃತ್ತಿಯಿಲ್ಲದ ಸೂತ್ರವನ್ನು ತಂದು ಹಾಕಿದೆ. ನಿಮಗೆ ತಪ್ಪು ಹೇಳಿಕೊಟ್ಟೆ. ಅದನ್ನು ಬಿಟ್ಟು ಇದನ್ನು ಬರೆದುಕೊಳ್ಳಿ” ಎಂದರು. ನಮ್ಮಲ್ಲಿ ಒಬ್ಬನೂ ಆ ತಪ್ಪನ್ನು ಕಂಡಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಯಾರೂ ಎಂದಿಗೂ ಕಾಣುತ್ತಿರಲಿಲ್ಲ. ಪಾಠ ಮುಗಿದ ಮೇಲೆ, ನಡುವೆ ಓದು ಬಿಟ್ಟು ಊರಿಗೆ ಹೋಗಿದ್ದ ಸಹಪಾಠಿಯೊಬ್ಬನ ವಿಳಾಸವನ್ನು ಕೇಳಿದರು. ಅವನು ಮನೆಯಲ್ಲಿ ಅಂಗಡಿಯ ವ್ಯವಹಾರಕ್ಕೆ ತೊಡಗಿದ್ದನು. ವ್ಯಾಕರಣದ ಗೊಡವೆ ಅವನಿಗೆ ಇನ್ನೇನೂ ಉಳಿದಿರಲಿಲ್ಲ. ಆದರೂ ಗುರುಗಳು ಒಂದು ಅಂಚೆಕಾರ್ಡಿನಲ್ಲಿ ಸರಿಯಾದ ಸಾಧನೆಯನ್ನು ಸಣ್ಣಕ್ಷರದಲ್ಲಿ ಬರೆದು ಅವನಿಗೆ ಕಳುಹಿಸಿದರು. “ಅವನಿಗೆ ಅದರಿಂದ ಪ್ರಯೋಜನವೇನು?” ಎಂದು ನಾವು ಕೇಳಿದಾಗ, “ನಾನು ಕೊಟ್ಟ ಖೋಟಾ ನಾಣ್ಯ ಅವನ ಗಂಟಿನಲ್ಲಿದೆ. ಅವನು ಖರ್ಚು ಮಾಡದಿರಬಹುದು; ಕೊಟ್ಟವನು ನಾನಲ್ಲವೆ?” ಎಂದರು.

ಇದೇ ಧೈರ್ಯವನ್ನು ಬೇರೊಂದು ದೇಶದ ತಾರ್ಕಿಕನಲ್ಲಿಯೂ ಕಾಣಬಹುದು. ಜರ್ಮನಿಯ ಯೇನಾ ನಗರದ ಗಣಿತಜ್ಞನಾದ ಫ್ರೇಗೆ ಎಂಬಾತನು ಅಂಕಗಣಿತವನ್ನೆಲ್ಲ ಶುದ್ಧ ತರ್ಕದ ತಳಹದಿಯ ಮೇಲೆ ನಿಲ್ಲಿಸಬೇಕೆಂದು ಹಲವು ವರ್ಷ ದುಡಿದು ದೊಡ್ಡ ಗ್ರಂಥವೊಂದನ್ನು ಬರೆದನು. ಅದರ ಎರಡನೆಯ ಸಂಪುಟವು ಅಚ್ಚಿನಲ್ಲಿದ್ದಾಗ, ೧೯೦೨ನೆಯ ಇಸವಿಯ ಜೂನ್ ತಿಂಗಳಲ್ಲಿ, ಬರ್ಟ್ರಂಡ್ ರಸೆಲ್ ಎಂಬ ಇಂಗ್ಲೆಂಡಿನ ಯುವಕನಿಂದ ಒಂದು ಕಾಗದ ಬಂದಿತು. ಫ್ರೇಗೆಯು ಹಿಡಿದ ಮೂಲತತ್ತ್ವಗಳಲ್ಲಿ ಒಂದರಿಂದ ಸ್ವವಿರೋಧವು ಹುಟ್ಟುತ್ತದೆಂದು ಅದರಲ್ಲಿ ತೋರಿಸಿತ್ತು. ತಳಹದಿಯೇ ಬಿರುಕುಬಿಟ್ಟಿತೆಂದು ಫ್ರೇಗೆಗೆ ಕೂಡಲೆ ತಿಳಿಯಿತು. ಒಂದು ವಾರದೊಳಗೆ ಅದನ್ನು ಒಪ್ಪಿ ಉತ್ತರ ಬರೆದನು. ೧೯೦೩ರಲ್ಲಿ ಹೊರಬಿದ್ದ ಆ ಸಂಪುಟಕ್ಕೆ ತಾನೇ ಒಂದು ಅನುಬಂಧವನ್ನು ಸೇರಿಸಿ, ದೋಷವನ್ನೂ ಅದನ್ನು ತೋರಿಸಿಕೊಟ್ಟವನ ಹೆಸರನ್ನೂ ಓದುಗರ ಮುಂದಿಟ್ಟನು. ಪರಿಹಾರವಾಗಿ ಆತನು ಅಲ್ಲಿ ಸೂಚಿಸಿದ ತಿದ್ದುಪಡಿ ಮುಂದೆ ನಿಲ್ಲಲಿಲ್ಲ. ಆದರೆ ಆ ಅನುಬಂಧವಿದ್ದುದರಿಂದ, ಮುಂದೆ ಬಂದವರು ಬಿರುಕು ಎಲ್ಲಿದೆಯೆಂದು ಹುಡುಕಬೇಕಾಗಿ ಬರಲಿಲ್ಲ.

ಇನ್ನು ತನ್ನವರ ತಪ್ಪು. ತಾನು ಮಾಡಿದುದಕ್ಕೆ ತಾನು ಕರ್ತೃವೆಂಬುದು ಸರಿ. ಕೈಕೆಳಗಿನವನು ಮಾಡಿದುದಕ್ಕೆ ಮೇಲಿನವನು ಕರ್ತೃವಾಗುವುದು ಹೇಗೆ? ಇಲ್ಲಿ ಪಾಣಿನಿಯ ಸಹಾಯವನ್ನು ಪಡೆಯಬಹುದು. ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃವೆಂದು ಆ ಮಹರ್ಷಿಯು ಒಂದು ಸೂತ್ರದಲ್ಲಿ ಹೇಳಿ, ಅದರ ಮರುಸೂತ್ರದಲ್ಲಿಯೇ ಆ ಕರ್ತೃವನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರೂ ಉಂಟು, ಕರ್ತೃವೆಂಬ ಹೆಸರೂ ಉಂಟು ಎನ್ನುತ್ತಾನೆ. ಎಂದರೆ ಮಾಡಿದವನು ಮಾತ್ರವಲ್ಲ, ಮಾಡಿಸಿದವನೂ ಕರ್ತೃ. ಭಾಷ್ಯಕಾರನಾದ ಪತಂಜಲಿಯು ಅಡಿಗೆಯ ದೃಷ್ಟಾಂತವನ್ನು ತೆಗೆದುಕೊಂಡು, ಪಾತ್ರೆ ಬೇಯಿಸುತ್ತದೆ, ಕಟ್ಟಿಗೆ ಬೇಯಿಸುತ್ತದೆ ಎಂದೂ ಜನರು ಹೇಳುವುದುಂಟಲ್ಲ ಎಂದು ಚರ್ಚಿಸುತ್ತಾನೆ. ಅಮಾತ್ಯರು ದೂರದಲ್ಲಿದ್ದಾಗ ಸ್ವತಂತ್ರರು, ರಾಜನ ಜೊತೆಯಲ್ಲಿದ್ದಾಗ ಪರತಂತ್ರರು. ಹಾಗೆಯೇ ಅಡಿಗೆಯವನು ಇರುವಲ್ಲಿ ಪಾತ್ರೆ ಕಟ್ಟಿಗೆಗಳು ಪರತಂತ್ರವೆಂದು ಅವನ ಸಮಾಧಾನ. ಹತ್ತು ಕೈಗಳು ಕೂಡಿ ಮಾಡಿದ ಕೆಲಸದಲ್ಲಿ ಹೊಣೆ ಯಾರದೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲಿಯೂ ಓದಿಲ್ಲ. ‘ಬೇಡ’ವೆನ್ನುವ ಸ್ವಾತಂತ್ರ್ಯ ಯಾರಿಗಿತ್ತೋ ಅವನದು.

ಕನ್ನಡಕ್ಕೂ ಈ ನ್ಯಾಯವು ಅಪರಿಚಿತವಲ್ಲ. ‘ಇಸು’ ಪ್ರತ್ಯಯವನ್ನು ಹಚ್ಚಿ ಕಟ್ಟು ಎಂಬುದನ್ನು ಕಟ್ಟಿಸು ಎಂದು ಮಾಡಿಕೊಳ್ಳುತ್ತೇವೆ. ನಮ್ಮ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವರ ಹೆಸರುಗಳು ಹೇರಳವಾಗಿವೆ. ಬುಟ್ಟಿಯಲ್ಲಿ ಮಣ್ಣು ಹೊತ್ತವರ ಹೆಸರುಗಳು ವಿರಳ. ಕಟ್ಟಿಸಿದವನಿಗೆ ಪುಣ್ಯ ಸಲ್ಲುವುದಾದರೆ ಸಲ್ಲಲಿ. ಆದರೆ ಅದೇ ಕೆರೆಯ ಏರಿ ಹರಿದಾಗ ವಾಕ್ಯವು ‘ಕೆರೆ ಒಡೆಯಿತು’ ಎಂದಾಗಿಬಿಡುತ್ತದೆ. ‘ಇಸು’ ಪ್ರತ್ಯಯವು ಎಲ್ಲಿಯೋ ಮಾಯವಾಗುತ್ತದೆ. ಪುಣ್ಯಕ್ಕೆ ಬೇಕಾದ ಪ್ರತ್ಯಯವು ಪಾಪಕ್ಕೂ ಇರಲೇಬೇಕಲ್ಲವೆ?

ಆ ಪ್ರತ್ಯಯವನ್ನು ಕೈಬಿಡದವರೊಬ್ಬರನ್ನು ನಮ್ಮ ಕಾಲದಲ್ಲಿಯೇ ಕಂಡಿದ್ದೇವೆ. ಸತೀಶ್ ಧವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ, ೧೯೭೨ರಿಂದ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ೧೯೭೯ನೆಯ ಇಸವಿ ಆಗಸ್ಟ್ ೧೦ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ–೩ ಎಂಬ ಉಪಗ್ರಹವಾಹಕವನ್ನು ಹಾರಿಸಿದರು. ಅದು ಕೆಲವೇ ನಿಮಿಷಗಳಲ್ಲಿ ದಾರಿ ತಪ್ಪಿ ಬಂಗಾಳಕೊಲ್ಲಿಗೆ ಬಿದ್ದಿತು. ಯೋಜನೆಯ ಮುಖ್ಯಸ್ಥರು ಆಗ ಅಬ್ದುಲ್ ಕಲಾಂ ಅವರು. ಗಣಕಯಂತ್ರವು ತಡೆಹಿಡಿದಿದ್ದರೂ ತಜ್ಞರ ಮಾತನ್ನು ನಂಬಿ ಹಾರಿಸುವ ನಿರ್ಣಯವನ್ನು ಕೈಕೊಂಡವನು ತಾನೆಂದು ಕಲಾಂ ಅವರೇ ಮುಂದೆ ಅನೇಕ ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಅಂದು ಪತ್ರಿಕಾಕರ್ತರು ಸೇರಿದಾಗ ಧವನ್ ಅವರು ಕಲಾಂ ಅವರನ್ನು ಮುಂದೆ ಬಿಡದೆ, ಸೋಲಿನ ಹೊಣೆಯನ್ನು ಅಧ್ಯಕ್ಷನಾದ ತನ್ನ ಮೇಲೆ ತೆಗೆದುಕೊಂಡು, ಈ ತಂಡದಲ್ಲಿ ತನಗೆ ನಂಬಿಕೆಯಿದೆಯೆಂದರು. ೧೯೮೦ನೆಯ ಇಸವಿ ಜುಲೈ ೧೮ರಂದು ಅದೇ ಬಗೆಯ ವಾಹಕವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಅವರು ತಾವು ಹಿಂದೆ ಸರಿದು, ಪತ್ರಿಕಾಕರ್ತರೊಡನೆ ಮಾತನಾಡೆಂದು ಕಲಾಂ ಅವರನ್ನು ಕಳುಹಿಸಿದರು. ಸೋಲಿನಲ್ಲಿ ಮಾಡಿಸಿದವನು ಮುಂದೆ ನಿಂತನು. ಗೆಲುವಿನಲ್ಲಿ ಮಾಡಿದವನನ್ನು ಮುಂದೆ ನಿಲ್ಲಿಸಿದನು. ಪಾಣಿನಿಯ ಎರಡು ಸೂತ್ರಗಳಿಗೂ ಇಲ್ಲಿ ಲಕ್ಷ್ಯವು ದೊರೆಯಿತು. ಈ ಕಥೆಯನ್ನು ಜನರು ಔದಾರ್ಯದ ಕಥೆಯೆಂದು ಹೇಳುವರು. ನನಗೆ ಅದರಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಉಪಾಯವು ಕಾಣುತ್ತದೆ. ನಡುವಿನ ಆ ಹನ್ನೊಂದು ತಿಂಗಳು ತಂಡದವರು ತಲೆ ಉಳಿಸಿಕೊಳ್ಳುವುದರಲ್ಲಿ ಕಳೆಯಲಿಲ್ಲ. ಸೋರಿದ ಕವಾಟವನ್ನು ಹುಡುಕಿ ಸರಿಪಡಿಸುವುದರಲ್ಲಿ ಕಳೆದರು.

ಮೂರನೆಯದು ಪೀಠದ ತಪ್ಪು. ತಾನು ಮಾಡಿದುದೂ ಅಲ್ಲ, ಮಾಡಿಸಿದುದೂ ಅಲ್ಲ. ತಾನು ಕುಳಿತಿರುವ ಕುರ್ಚಿಯಲ್ಲಿ ಹಿಂದೆ ಎಂದೋ ಕುಳಿತಿದ್ದವರ ಕಾಲದಲ್ಲಿ ನಡೆದುದು. ಇದಕ್ಕೆ ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ೨೦೦೫ರ ಸುಮಾರಿಗೆ ನಡೆದ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಆ ಶಾಲೆಯ ಹಳೆಯ ವಿದ್ಯಾರ್ಥಿ, ಬಡಗಿಯ ಮಗನೊಬ್ಬನು, ಸರಕಾರಿ ಕೆಲಸಕ್ಕೆ ಅರ್ಜಿ ಹಾಕಬೇಕೆಂದಿದ್ದನು. ಅವನು ಹುಟ್ಟಿದುದು ೧೯೭೭ರಲ್ಲಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ೧೯೭೬ ಎಂದಿತ್ತು. ಆ ಒಂದು ವರ್ಷದಿಂದ ಅವನು ವಯಸ್ಸಿನ ಮಿತಿಯನ್ನು ಕೆಲವು ತಿಂಗಳುಗಳಷ್ಟು ಮೀರಿದವನಾದನು. ಅವಸರದ ಕನ್ನಡ ಬರಹದಲ್ಲಿ ೬ಕ್ಕೂ ೭ಕ್ಕೂ ಇರುವ ಅಂತರ ಒಂದು ಸಣ್ಣ ಕೊಂಕಿನಷ್ಟು. ಪುಸ್ತಕದಲ್ಲಿ ಬರೆದ ಗುಮಾಸ್ತರು ತೀರಿಕೊಂಡು ಬಹು ಕಾಲವಾಗಿತ್ತು. ರುಜು ಹಾಕಿದ ಮುಖ್ಯೋಪಾಧ್ಯಾಯರು ನಿವೃತ್ತರಾಗಿ ದೂರದ ಊರಿನಲ್ಲಿದ್ದರು. ಹುಡುಗನು ಬಂದಾಗ ಇದ್ದ ಮುಖ್ಯೋಪಾಧ್ಯಾಯರು, “ನನ್ನ ಕಾಲದಲ್ಲಾದುದಲ್ಲಪ್ಪ. ನಿಮ್ಮ ತಂದೆ ಹೇಳಿದಂತೆ ಬರೆದಿರುತ್ತಾರೆ” ಎಂದು ಕಳುಹಿಸಿಬಿಟ್ಟರು.

ವಾಚಕರು ಈ ಎರಡನೆಯ ವಾಕ್ಯವನ್ನು ಗಮನಿಸಬೇಕು. ಮಗುವನ್ನು ಬೇಗ ಶಾಲೆಗೆ ಸೇರಿಸುವ ಆತುರದಿಂದ ವಯಸ್ಸನ್ನು ಒಂದು ವರ್ಷ ಹೆಚ್ಚಿಗೆ ಬರೆಸುವ ತಂದೆಗಳು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ಆ ಮಾತನ್ನು ಊರು ನಂಬಿತು, ಮಗನೂ ನಂಬಿದನು. ತಂದೆಗೆ ಓದು ಬರಹ ಬಾರದು. ತಾನು ಏನು ಹೇಳಿದ್ದೆನೆಂಬುದು ಅವನಿಗೆ ನೆನಪಿತ್ತೇ ಹೊರತು ಅದನ್ನು ತೋರಿಸಿಕೊಡುವ ಬಗೆ ತಿಳಿಯದು. “ನಿನ್ನ ಆತುರದಿಂದ ನನ್ನ ಕೆಲಸ ಹೋಯಿತು” ಎಂದು ಮಗನು ಒಂದು ಸಲ ಅಂದನು. ಆ ಮೇಲೆ ತಂದೆ ಮಕ್ಕಳಿಬ್ಬರೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟರು.

ಮರುವರ್ಷ ಹೊಸ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದರು. ಹುಡುಗನ ತಾಯಿ ಇನ್ನೊಮ್ಮೆ ಬಂದು ಹೇಳಿಕೊಂಡಾಗ, ಅವರು ಅಟ್ಟದಲ್ಲಿ ಕಟ್ಟಿಟ್ಟಿದ್ದ ಹಳೆಯ ಪ್ರವೇಶದ ಅರ್ಜಿಗಳನ್ನು ಇಳಿಸಿ ತೆಗೆಸಿದರು. ಎರಡು ದಿನ ಧೂಳಿನಲ್ಲಿ ಹುಡುಕಿದ ಮೇಲೆ ಅರ್ಜಿ ಸಿಕ್ಕಿತು. ಯಾರೋ ಬರೆದುಕೊಟ್ಟಿದ್ದ ಆ ಅರ್ಜಿಯಲ್ಲಿ ಎರಡು ಏಳುಗಳು ಒತ್ತಾಗಿ ನಿಂತಿದ್ದವು. ಕೆಳಗೆ ತಂದೆಯ ಹೆಬ್ಬೆಟ್ಟಿನ ಗುರುತು. ಅದನ್ನು ತಿದ್ದಿಸಲು ನ್ಯಾಯಾಲಯದ ಆದೇಶ ಬೇಕೆಂದು ತಿಳಿದುಬಂದಿತು. ಶಾಲೆಯ ಹೇಳಿಕೆಗಾಗಿ ಗುಮಾಸ್ತನು ಕರಡನ್ನು ಬರೆದು ತಂದನು: ‘ದಾಖಲಾತಿ ಪುಸ್ತಕದಲ್ಲಿ ಜನ್ಮದಿನಾಂಕವು ಕಣ್ತಪ್ಪಿನಿಂದ ತಪ್ಪಾಗಿ ನಮೂದಾಗಿರುತ್ತದೆ.’ ಆಕೆ ಅದನ್ನು ಹೊಡೆದು ಹಾಕಿ, ‘ತಂದೆಯು ಕೊಟ್ಟ ಜನ್ಮದಿನಾಂಕವು ಸರಿಯಾಗಿತ್ತು. ಈ ಶಾಲೆಯು ಅದನ್ನು ತಪ್ಪಾಗಿ ಬರೆದುಕೊಂಡಿತು’ ಎಂದು ಬರೆದು ರುಜು ಹಾಕಿದರು. ನಾನು ಹತ್ತಿರದಲ್ಲಿಯೇ ಇದ್ದೆನು. “ಮೇಡಂ, ಇದು ನಡೆದಾಗ ತಾವಿನ್ನೂ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲ. ‘ಈ ಶಾಲೆಯು’ ಎಂದು ಬರೆದು ರುಜು ಹಾಕಿದರೆ ಪ್ರಶ್ನೆ ತಮ್ಮ ಮೇಲೆ ಬರುವುದಿಲ್ಲವೆ?” ಎಂದು ಕೇಳಿದೆನು. ಆಕೆ ನಕ್ಕು, “ಮೇಷ್ಟ್ರೇ, ಹೋದ ತಿಂಗಳು ಶಾಲೆಯ ಸುವರ್ಣಮಹೋತ್ಸವದಲ್ಲಿ ಹಾರ ಹಾಕಿಸಿಕೊಂಡವಳು ನಾನೇ ತಾನೆ? ಐವತ್ತು ವರ್ಷ ನಡೆಸಿದವಳು ನಾನಲ್ಲವೆಂದು ಆಗ ಹೇಳಿದೆನೆ?” ಎಂದರು.

ಅವರು ಮೂರು ಸಲ ಬಸ್ಸಿನಲ್ಲಿ ಹೋಗಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದು ಬಂದರು. ಆದೇಶ ಬರುವ ವೇಳೆಗೆ ಆ ನೇಮಕಾತಿ ಮುಗಿದುಹೋಗಿತ್ತು. ಹುಡುಗನಿಗೆ ಆ ಕೆಲಸ ಸಿಗಲಿಲ್ಲ. ಕಥೆಯನ್ನು ಸುಖಾಂತವೆಂದು ನಾನು ಹೇಳಲಾರೆ. ಆದರೆ ಆದೇಶದ ಪ್ರತಿಯನ್ನು ಒಯ್ಯಲು ಅವನು ತಂದೆಯನ್ನು ಕರೆದುಕೊಂಡು ಬಂದನು. ಆ ಮುದುಕನಿಗೆ ಆದೇಶದ ಅಕ್ಷರಗಳು ತಿಳಿಯಲಿಲ್ಲ. ಹಳೆಯ ಅರ್ಜಿಯನ್ನು ತೋರಿಸಿದಾಗ ತನ್ನ ಹೆಬ್ಬೆಟ್ಟನ್ನು ಆ ಮಸಿಯ ಗುರುತಿನ ಮೇಲೆ ಇಟ್ಟು ನೋಡಿಕೊಂಡನು. ಮಗನು, “ಅಪ್ಪ ಹೇಳಿದ್ದು ಸರಿಯಾಗಿತ್ತಂತೆ” ಎಂದು ನಮ್ಮೆಲ್ಲರಿಗೂ ಕೇಳುವಂತೆ ಹೇಳಿದನು.

ಇದರಿಂದ ನನಗೆ ತಿಳಿದ ತತ್ತ್ವವಿಷ್ಟು. ಕರ್ತೃವಿಲ್ಲದ ತಪ್ಪು ಕರ್ತೃವಿಲ್ಲದೆಯೇ ಉಳಿಯುವುದಿಲ್ಲ. ನಾವು ‘ತಪ್ಪಾಯಿತು’ ಎಂದು ಹೇಳಿ ಕೈತೊಳೆದುಕೊಂಡೊಡನೆ ಆ ತಪ್ಪು ಬೀದಿಗೆ ಇಳಿದು ಯಜಮ��ನನನ್ನು ಹುಡುಕುತ್ತದೆ. ಎಲ್ಲರಿಗಿಂತ ಬಲಹೀನನಾದವನ, ತನ್ನ ಪರವಾಗಿ ಮಾತನಾಡಲು ಬಾರದವನ ತಲೆಯ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ದೊಡ್ಡ ಕಚೇರಿಗಳಲ್ಲಿ ಅದು ಜವಾನನ ತಲೆ. ಮನೆಗಳಲ್ಲಿ ಕೆಲಸದವಳ ತಲೆ. ಆ ಹುಡುಗನ ಮನೆಯಲ್ಲಿ ಅಕ್ಷರ ಬಾರದ ತಂದೆಯ ತಲೆ. ಹೊಣೆ ಹೊರುವುದು ಆತ್ಮಗೌರವದ ಪ್ರಶ್ನೆಯೆಂದು ಹೇಳುವುದುಂಟು. ಅದಕ್ಕಿಂತ ಮೊದಲು ಅದು ಪರರಿಗೆ ಸಲ್ಲಬೇಕಾದ ಋಣದ ಪ್ರಶ್ನೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಒಪ್ಪಿಕೊಂಡವನನ್ನು ಲೋಕವು ಕ್ಷಮಿಸುವುದೆ? ಒಪ್ಪಿದವನಿಗೆ ನೋಟೀಸು, ಅಡಗಿಸಿದವನಿಗೆ ಬಡ್ತಿ. ಹೀಗಿರುವಾಗ ಸತ್ಯ ನುಡಿಯೆನ್ನುವುದು ಬಡ ನೌಕರನ ಅನ್ನಕ್ಕೆ ಸಂಚಕಾರವಲ್ಲವೆ ಎಂದು. ಈ ಆಕ್ಷೇಪವು ನ್ಯಾಯವಾದುದು; ಉಪದೇಶದಿಂದ ಅದಕ್ಕೆ ಉತ್ತರ ಬಾರದು, ವ್ಯವಸ್ಥೆಯಿಂದ ಬರಬೇಕು. ನಮ್ಮ ಪ್ರಾಚೀನರು ಇದನ್ನು ಅರಿತಿದ್ದರು. ಶ್ರೌತಯಾಗದಲ್ಲಿ ಹೋತೃ, ಅಧ್ವರ್ಯು, ಉದ್ಗಾತೃಗಳಲ್ಲದೆ ಬ್ರಹ್ಮನೆಂಬ ನಾಲ್ಕನೆಯ ಋತ್ವಿಜನಿದ್ದಾನೆ. ಉಳಿದವರು ಮಂತ್ರ ಹೇಳುವಾಗ, ಆಹುತಿ ಕೊಡುವಾಗ ಇವನು ದಕ್ಷಿಣದಿಕ್ಕಿನಲ್ಲಿ ಬಹುಮಟ್ಟಿಗೆ ಮೌನವಾಗಿ ಕುಳಿತಿರುತ್ತಾನೆ. ಎಲ್ಲಿಯಾದರೂ ಲೋಪ ಕಂಡರೆ ಪ್ರಾಯಶ್ಚಿತ್ತದಿಂದ ಅದನ್ನು ಸರಿಪಡಿಸುವುದು ಅವನ ಕಾರ್ಯ. ಕ್ಷಾರವನ್ನಿಟ್ಟು ಚಿನ್ನವನ್ನು ಬೆಸೆಯುವಂತೆ ಅವನು ಯಾಗವನ್ನು ಬೆಸೆಯುತ್ತಾನೆಂಬುದು ಛಾಂದೋಗ್ಯದ ಅಭಿಪ್ರಾಯ. ವೇದವಿದರು ಕೂಡಿ ಶ್ರದ್ಧೆಯಿಂದ ಮಾಡುವ ಕರ್ಮದಲ್ಲಿಯೂ ತಪ್ಪು ಬಂದೇ ಬರುತ್ತದೆಂದು ಮೊದಲೇ ಎಣಿಸಿ, ಅದಕ್ಕಾಗಿ ಒಬ್ಬನನ್ನು ಮೀಸಲಿಟ್ಟ ವಿವೇಕವು ಎಷ್ಟು ದೊಡ್ಡದು! ತಪ್ಪಿದವನನ್ನು ಯಜ್ಞಶಾಲೆಯಿಂದ ಹೊರದೂಡುವುದು ಅವನ ಕೆಲಸವಲ್ಲ. ಸ್ಮೃತಿಕಾರರೂ ಪಾಪವನ್ನು ಕಳೆಯುವ ಉಪಾಯಗಳನ್ನು ಎಣಿಸುವಾಗ ಖ್ಯಾಪನವನ್ನು, ಎಂದರೆ ಬಾಯಿಬಿಟ್ಟು ಹೇಳುವುದನ್ನು, ಮೊದಲಿಗಿಟ್ಟರು. ಪಶ್ಚಾತ್ತಾಪ ತಪಸ್ಸುಗಳು ಅದರ ಬಳಿಕ.

ಇಂದಿನ ಲೋಕದಲ್ಲಿ ಈ ಬ್ರಹ್ಮಸ್ಥಾನಕ್ಕೆ ಸಮೀಪವಾದುದನ್ನು ವಿಮಾನಯಾನದವರು ಏರ್ಪಡಿಸಿಕೊಂಡಿದ್ದಾರೆ. ಅಮೆರಿಕ ದೇಶದಲ್ಲಿ ೧೯೭೬ರಿಂದ, ವಿಮಾನ ನಡೆಸುವವರೂ ನೆಲದಿಂದ ದಾರಿ ತೋರಿಸುವವರೂ ತಮ್ಮಿಂದಾದ ಪ್ರಮಾದಗಳನ್ನು ತಾವೇ ಬರೆದು ತಿಳಿಸುವ ಪದ್ಧತಿಯೊಂದು ನಡೆದುಬಂದಿದೆ. ಆ ಪತ್ರಗಳು ದಂಡ ವಿಧಿಸುವ ಇಲಾಖೆಗೆ ಹೋಗುವುದಿಲ್ಲ; ನಾಸಾ ಸಂಸ್ಥೆಗೆ ಹೋಗುತ್ತವೆ. ಅಲ್ಲಿ ಬರೆದವರ ಹೆಸರನ್ನು ತೆಗೆದುಹಾಕಿ ವಿಷಯವನ್ನು ಮಾತ್ರ ಎಲ್ಲರಿಗೂ ತಿಳಿಸುತ್ತಾರೆ. ಬೇಕೆಂದು ಮಾಡಿದ ಅಪರಾಧಕ್ಕೆ ಅಲ್ಲಿ ರಕ್ಷಣೆಯಿಲ್ಲ. ಅರಿಯದೆ ಮಾಡಿದುದನ್ನು ಗೊತ್ತಾದ ಅವಧಿಯೊಳಗೆ ತಾನೇ ತಿಳಿಸಿದವನಿಗೆ ದಂಡದಿಂದ ವಿನಾಯಿತಿಯುಂಟು. ಸತ್ಯ ನುಡಿದವನು ಅನ್ನ ಕಳೆದುಕೊಳ್ಳದಂತೆ ನೋಡಿಕೊಂಡರೆ ಸತ್ಯವು ತಾನಾಗಿ ಹೊರಬರುತ್ತದೆ. ಇದು ಶಾಲೆಗೂ ಸಲ್ಲುತ್ತದೆ, ಆಸ್ಪತ್ರೆಗೂ ಸಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳು. ‘ಎಲ್ಲವೂ ನನ್ನದೇ ತಪ್ಪು’ ಎಂದು ಒಂದೇ ಉಸಿರಿಗೆ ಹೇಳಿ ವಿಚಾರಣೆಯ ಬಾಗಿಲನ್ನು ಮುಚ್ಚುವವನು ಹೊಣೆ ಹೊತ್ತವನಲ್ಲ; ಏನು ಮಾಡಿದೆ, ಯಾರಿಗೆ ಕೆಡುಕಾಯಿತು, ಅದನ್ನು ಹೇಗೆ ತುಂಬಿಕೊಡುವೆ ಎಂಬ ಮೂರನ್ನೂ ಹೇಳದ ಒಪ್ಪಿಗೆಯು ಬರಿಯ ಶಬ್ದ. ಎರಡನೆಯದಾಗಿ, ನಾವು ಧಾರ್ಮಿಕರು ಒಂದು ಸುಲಭಮಾರ್ಗವನ್ನು ಹಿಡಿಯುವುದುಂಟು. ದೇವರಿಗೆ ತಪ್ಪುಕಾಣಿಕೆ ಕಟ್ಟುತ್ತೇವೆ. ಪೂಜೆಯ ಕೊನೆಯಲ್ಲಿ ಮಂತ್ರಲೋಪ ಕ್ರಿಯಾಲೋಪಗಳಿಗಾಗಿ ದಿನವೂ ಕ್ಷಮೆ ಬೇಡುತ್ತೇವೆ. ಅಲ್ಲಿ ‘ನಾನು ಮಾಡಿದೆ’ ಎನ್ನಲು ನಾಲಗೆ ತಡವರಿಸುವುದಿಲ್ಲ. ಅದೇ ನಾಲಗೆ ಕಚೇರಿಯ ಮೇಜಿನಾಚೆ ಅರ್ಜಿ ಹಿಡಿದು ನಿಂತ ಮನುಷ್ಯನ ಮುಂದೆ ‘ನಮೂದಾಗಿರುತ್ತದೆ’ ಎನ್ನುತ್ತದೆ. ಮಂತ್ರಲೋಪದಿಂದ ದೇವರಿಗೆ ನಷ್ಟವಾದುದನ್ನು ನಾನರಿಯೆ. ಮೇಜಿನಾಚೆಯವನಿಗೆ ಆದ ನಷ್ಟವನ್ನು ಕಂಡಿದ್ದೇನೆ.

ಕರ್ತರಿ ಪ್ರಯೋಗವನ್ನು ಮಕ್ಕಳು ಶಾಲೆಯಲ್ಲಿ ಕಲಿಯುವುದು ತಡವಾಗಿ. ಮನೆಯಲ್ಲಿ ಬಹು ಬೇಗ ಕಲಿಯುತ್ತಾರೆ, ಇಲ್ಲವೆ ಮರೆಯುತ್ತಾರೆ. ಮೂರು ವರ್ಷದ ಮಗು ಲೋಟವನ್ನು ಕೆಡವಿ “ನಾನು ಬೀಳಿಸಿದೆ” ಎಂದು ಓಡಿಬಂದು ಹೇಳುವುದನ್ನು ನೀವೆಲ್ಲರೂ ಕೇಳಿರುವಿರಿ. ಐದು ವರ್ಷವಾಗುವ ಹೊತ್ತಿಗೆ ಅದು “ಲೋಟ ಬಿದ್ದುಹೋಯಿತು” ಎನ್ನುತ್ತದೆ. ನಡುವಿನ ಎರಡು ವರ್ಷಗಳಲ್ಲಿ ಆ ಕೂಸಿಗೆ ಯಾರೂ ವ್ಯಾಕರಣವನ್ನು ಹೇಳಿಕೊಟ್ಟಿರುವುದಿಲ್ಲ, “ಯಾರು ಮಾಡಿದ್ದು?” ಎಂದು ನಾವು ಗದರಿದ ಸ್ವರವೊಂದೇ ಅದಕ್ಕೆ ಪಾಠ. ಮುಂದಿನ ಸಲ ಲೋಟ ಬಿದ್ದ ಸದ್ದು ಕೇಳಿದಾಗ ಮನೆಯ ಹಿರಿಯರು ಆ ಪ್ರಶ್ನೆಯನ್ನು ನುಂಗಿಕೊಂಡು, ಒಂದು ಬಟ್ಟೆಯನ್ನು ಮಗುವಿನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ನೆಲವನ್ನು ಒರೆಸಲು ಕುಳಿತರೆ ಸಾಕು. ಉಳಿದ ವಾಕ್ಯವನ್ನು ಮಗುವೇ ಹೇಳುತ್ತದೆ.